ಜಾವಗಲ್ ಅಂತ ಒಂದು ನಂಬರು

"ಈ ಜಾವಗಲ್ ಅಂದ್ರೆ ಯಾರು ಸಾರ್?"

ಮೊಬೈಲ್ ಅಂಗಡಿಯ ಮೋಹನ್‌ಕುಮಾರ್ ಕೇಳಿದ್ದು ಉಮಾಶಂಕರನಿಗೆ ಕೇಳಿಸಿತ್ತು. ಆದರೂ ಕೇಳಿಸದವನಂತೆ ಇನ್ನೊಂದು ಕ್ಷಣ ಹೊರಗೇ ನೋಡುತ್ತ ನಿಂತ. ಅರಸೀಕೆರೆಯ ಬಸ್ ಸ್ಟ್ಯಾಂಡಿನ ಎದುರು ಭಾನುವಾರದ ಹನ್ನೊಂದು ಗಂಟೆಯ ಬಿಸಿಲು. ಕೊಬ್ಬರಿ ಚೀಲ ಹೇರಿದ್ದ ಲಾರಿಯೊಂದು ರಸ್ತೆಗೆ ಅಡ್ಡ ನಿಂತು, ಅದರ ಹಿಂದೆ ಆಟೋಗಳು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದವು. ಗಾಜಿನ ಕೌಂಟರಿನ ಮೇಲೆ ಅವನ ಹೊಸ ಮೊಬೈಲು ಕರಿಯ ವೈರಿನ ತುದಿಯಲ್ಲಿ ಕಂಪ್ಯೂಟರಿಗೆ ಅಂಟಿಕೊಂಡು ಬಿದ್ದಿತ್ತು. ಅರ್ಧ ಗಂಟೆಯಿಂದ ಅವನು ಒಂದೊಂದು ಹೆಸರಿಗೆ ಒಂದೊಂದು ರಿಂಗ್‌ಟೋನು ಆರಿಸುತ್ತಿದ್ದ. ಶಿರಸ್ತೇದಾರರಿಗೆ ವೀಣೆ. ಹೆಂಡತಿ ಮೀನಾಕ್ಷಿಗೆ ಕೋಗಿಲೆ, ಅದು ಮಗಳು ಹರ್ಷಿತಾ ಮೊದಲೇ ಹೇಳಿ ಕಳಿಸಿದ್ದು. ಮನೆಯ ಮಾಲೀಕರು ಪುಟ್ಟಸ್ವಾಮಿಯವರಿಗೆ ದೇವಸ್ಥಾನದ ಗಂಟೆ. ಆ ಗಂಟೆಯನ್ನು ಅವನು ಮೂರು ರಾತ್ರಿ ಯೋಚಿಸಿ ನಿಶ್ಚಯಿಸಿದ್ದ. ಮಹಡಿಯ ಮೇಲೆ ತನ್ನ ಮೊಬೈಲು ಹೊಡೆದುಕೊಂಡರೆ ಮೆಟ್ಟಿಲ ಕೆಳಗೆ ಅಕ್ಕಿ ಆರಿಸುತ್ತ ಕೂತ ಅವರ ಹೆಂಡತಿ ರುಕ್ಮಿಣಮ್ಮನವರಿಗೆ ಕೇಳಿಸುತ್ತದೆ, ಕೇಳಿಸಲಿ. ಹಾಗೆ ಅಂದುಕೊಂಡ ಕೂಡಲೇ ತನ್ನ ಬಗ್ಗೆ ತನಗೇ ಒಂದು ತೆಳ್ಳಗಿನ ಅಸಹ್ಯ ಹುಟ್ಟಿತ್ತು. ಆದರೆ ಅಸಹ್ಯದ ಜೊತೆಗೇ ಅವನು ಗಂಟೆಯನ್ನು ಎರಡು ಸಲ ಹಾಕಿಸಿ ಕೇಳಿದ್ದ, ಸ್ಪಷ್ಟವಾಗಿ ಬರುತ್ತದೆಯೇ ಎಂದು.

"ಸಾರ್, ಜಾವಗಲ್?"

"ಅದಾ... ಜಮೀನಿನ ವಿಚಾರದೋರು" ಎಂದ ಉಮಾಶಂಕರ. ಹೋದ ಸೋಮವಾರ ಪುಟ್ಟಸ್ವಾಮಿಯವರ ಮುಂದೆ ಹೇಳಿದ್ದೂ ಇದನ್ನೇ. ಅವರ ಜಗಲಿಯ ಮೇಲೆ ನೀರಿನ ಮೋಟರಿನ ವಿಷಯ ಮಾತಾಡುತ್ತ ನಿಂತಿದ್ದಾಗ ಅಪ್ಪನ ಫೋನು ಬಂದಿತ್ತು. ಒತ್ತಿದ್ದೇ ತಡ, "ಏನ್ಲಾ ಉಮಾ, ಉಂಡ್ಯೇನ್ಲಾ?" ಎಂದು ಅಪ್ಪನ ಗಂಟಲು ಅಂಗೈಯೊಳಗಿಂದ ಜಗಲಿಯ ತುಂಬ ಚೆಲ್ಲಿಬಿಟ್ಟಿತು. ಪುಟ್ಟಸ್ವಾಮಿ ನಕ್ಕು ಯಾರೆಂದು ಕೇಳಿದರು. ಫೋನು ಇನ್ನೂ ಕಡಿದಿರಲಿಲ್ಲ, ಅವನ ಬಾಯಿ ಅವನನ್ನು ಕೇಳದೆಯೇ ಜಮೀನು ನೋಡಿಕೊಳ್ಳುವವರು ಅಂದಿತು. ತಮ್ಮ ಧರ್ಮೇಶ ತಾನು ಹೊಸ ಫೋನು ತೆಗೆದುಕೊಂಡು ಹಳೆಯದನ್ನು ಅಪ್ಪನಿಗೆ ಕೊಟ್ಟು ಹತ್ತು ದಿನವಾಗಿತ್ತು. ಈ ಹತ್ತು ದಿನದಲ್ಲಿ ಅಪ್ಪ ಹಸು ಕಟ್ಟಿದ್ದಕ್ಕೂ ಫೋನು, ಮೋಡ ಆಗಿದ್ದಕ್ಕೂ ಫೋನು. ಎಂಟು ತಿಂಗಳ ಹಿಂದೆ ಮನೆ ಕೇಳಲು ಹೋದಾಗ ರುಕ್ಮಿಣಮ್ಮನವರು, "ನೀವು ಯಾವ ಕಡೆಯೋರು?" ಎಂದು ಕೇಳಿದ್ದರು. ಆ ಪ್ರಶ್ನೆ ಊರಿನದಲ್ಲ ಎಂಬುದು ಕೇಳಿದವರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. "ಜಾವಗಲ್ ಕಡೆ" ಎಂದಿದ್ದ. ಆಕೆ ಅವನ ಹೆಸರನ್ನು ಮನಸ್ಸಿನಲ್ಲೇ ಒಮ್ಮೆ ಹೊರಳಿಸಿ ನೋಡಿ, ತಾಲ್ಲೂಕು ಕಚೇರಿಯ ಗುಮಾಸ್ತರು ಅನ್ನುವುದನ್ನು ಅದಕ್ಕೆ ಸೇರಿಸಿ, ತಲೆಯಾಡಿಸಿದ್ದರು. ಸುಳ್ಳೇನೂ ಹೇಳಿರಲಿಲ್ಲ. ಮನೆಗೆ ಬಂದ ದಿನ ಬುದ್ಧನ ಬೊಂಬೆಯನ್ನು ಷೋಕೇಸಿನಲ್ಲೇ ಇಟ್ಟರು. ಬುದ್ಧ ಈಗ ಯಾರ ಷೋಕೇಸಿನಲ್ಲಿಲ್ಲ? ಅಂಬೇಡ್ಕರ್ ಫೋಟೋವನ್ನು ಮಾತ್ರ ಮೀನಾಕ್ಷಿ ಮಾತಿಲ್ಲದೆ ಬೀರುವಿನ ಬಾಗಿಲ ಒಳಗಡೆಗೆ ಅಂಟಿಸಿದಳು. ಬಟ್ಟೆ ತೆಗೆಯುವಾಗಲೆಲ್ಲ ಅವರು ಕನ್ನಡಕದೊಳಗಿಂದ ಒಮ್ಮೆ ನೋಡುತ್ತಿದ್ದರು.

"ಹೊತ್ತುಗೊತ್ತಿಲ್ದೆ ಮಾಡ್ತಾರೆ" ಎಂದು ಸೇರಿಸಿದ.

"ಹಂಗಾದ್ರೆ ಅವ್ರೊಬ್ರಿಗೆ ಸೈಲೆಂಟ್ ಹಾಕ್ಬಿಡ್ಲಾ? ಮಿಕ್ಕೋರ್ದೆಲ್ಲ ಬರ್ತದೆ. ಇವ್ರದು ಲೈಟ್ ಮಾತ್ರ."

"ಹಂಗೂ ಆಗುತ್ತಾ?"

"ಖಾಲಿ ಟೋನ್ ಒಂದೈತೆ ಸಾರ್. ಸುಮಾರು ಜನ ಹಾಕಿಸ್ಕೊಂಡೋಗ್ತಾರೆ" ಎಂದು ಮೋಹನ್‌ಕುಮಾರ್ ನಕ್ಕ. ಆ ನಗುವಿನಲ್ಲಿ ಸಾಲ ಕೊಟ್ಟವರು, ಬಿಟ್ಟ ಹುಡುಗಿಯರು, ಜಗಳವಾದ ಷಡ್ಡಕರು ಎಲ್ಲ ಇದ್ದರು. "ವೈಬ್ರೇಷನ್ ಇರ್ಲಾ?"

"ಅದೂ ಬೇಡ."

ಮೌಸು ಎರಡು ಸಲ ಟಿಕ್ ಎಂದಿತು. ಅಷ್ಟೇ. ಒಂದು ಪಾಪ ಇಷ್ಟು ಹಗುರವಾಗಿ ಮುಗಿಯುತ್ತದೆಂದು ಅವನು ತಿಳಿದಿರಲಿಲ್ಲ. ಮೊಬೈಲನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಮಾರ್ಕೆಟ್ಟಿನ ಕಡೆ ಹೋಗಿ ಮಗಳಿಗೆಂದು ಕಿತ್ತಳೆ ಹಣ್ಣು ತೆಗೆದುಕೊಂಡ. ಮೀನಾಕ್ಷಿ ಮಗಳನ್ನು ಕರೆದುಕೊಂಡು ಬೆಳಗ್ಗೆಯೇ ಹಳೇಬೀಡಿನ ಅಕ್ಕನ ಮನೆಗೆ ಹೋಗಿದ್ದಳು, ಸಂಜೆಯ ಬಸ್ಸಿಗೆ ಬರುತ್ತಾರೆ. ನಡೆಯುತ್ತ ನಡೆಯುತ್ತ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ: ಫೋನು ಬಂದದ್ದು ಹೇಗೂ ಆಮೇಲೆ ಗೊತ್ತಾಗುತ್ತದೆ, ನಾನೇ ತಿರುಗಿ ಮಾಡಿದರಾಯಿತು, ಮಹಡಿಗೆ ಹೋಗಿ, ಕಿಟಕಿ ಹಾಕಿಕೊಂಡು. ಇದರಲ್ಲಿ ಅಪ್ಪನಿಗೆ ನಷ್ಟವೇನಿದೆ? ದುಡ್ಡೂ ಉಳಿಯುತ್ತದೆ. ಹೀಗೆ ಲೆಕ್ಕ ಹಾಕಿ ಮುಗಿಯುವ ಹೊತ್ತಿಗೆ ಹಾಸನ ರಸ್ತೆಯಿಂದ ಮನೆಯ ಬೀದಿಗೆ ತಿರುಗಿದ್ದ, ಮತ್ತು ರುಕ್ಮಿಣಮ್ಮನವರು ಗೇಟಿನ ಒಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ನಿಮ್ಮೂರೋರು ಯಾರೋ ಬಂದವ್ರೆ ಕಣ್ರೀ. ಅರ್ಧ ಗಂಟೆ ಆಯ್ತು. ಕೂತ್ಕಳಿ ಅಂದ್ರೂ ಕೂರ್ಲಿಲ್ಲ."

ಕಾಂಪೌಂಡಿನ ಆಚೆ, ಹೊಂಗೆಮರದ ನೆರಳಿನ ಅಂಚಿನಲ್ಲಿ, ಅಪ್ಪ ನಿಂತಿದ್ದ. ಒಗೆದ ಬಿಳಿ ಷರ್ಟು, ಪಂಚೆ, ಹೆಗಲಿಗೆ ಟವಲು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿದ ಮೊಬೈಲು. ಇಪ್ಪತ್ತೇಳು ವರ್ಷ ರೈಲ್ವೆಯಲ್ಲಿ ಕೀಮನ್ ಆಗಿ, ಸುತ್ತಿಗೆ ಹೊತ್ತು ದಿನಕ್ಕೆ ಎಂಟು ಮೈಲಿ ಹಳಿಯ ಗುಂಟ ನಡೆದು, ಸಡಿಲಾದ ಬೆಣೆಗಳನ್ನು ಹೊಡೆದು ಬಿಗಿ ಮಾಡಿದ ಮನುಷ್ಯ. ನಿಂತರೆ ಈಗಲೂ ನೆಟ್ಟ ಕಂಬಿಯ ಹಾಗೆ ನಿಲ್ಲುತ್ತಿದ್ದ. ಇವತ್ತು ಮಾತ್ರ ಭುಜಗಳನ್ನು ಸ್ವಲ್ಪ ಒಳಕ್ಕೆಳೆದುಕೊಂಡು ನಿಂತಿದ್ದ. ಊರೋರು. ಹಾಗೆಂದು ಆಕೆ ಊಹಿಸಿದರೋ, ಅಪ್ಪನೇ ಹೇಳಿದನೋ? ಈಗ ಅಪ್ಪ ಬಾಯಿ ತೆಗೆಯುತ್ತಾನೆ, "ಏನ್ಲಾ ಉಮಾ" ಅನ್ನುತ್ತಾನೆ, ಅಷ್ಟರೊಳಗೆ ತಾನು ಏನಾದರೂ ಮಾಡಬೇಕು. ಏನು ಮಾಡಬೇಕೆಂದು ಹೊಳೆಯುವುದರೊಳಗೆ ಅಪ್ಪನೇ ಮಾತಾಡಿದ.

"ಚೆಂದಾಗಿದ್ದೀರಾ?"

ಹುಟ್ಟಿದಾಗಿನಿಂದ ಅಪ್ಪ ಅವನನ್ನು ನೀವು ಅಂದಿರಲಿಲ್ಲ. ಸಿಟ್ಟಿನಲ್ಲಿ ಕೂಡ, ತಮಾಷೆಗೆ ಕೂಡ. ಎಷ್ಟು ಮೆತ್ತಗೆ, ಎಷ್ಟು ಸಲೀಸಾಗಿ ಅಂದನೆಂದರೆ, ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದವನ ಹಾಗಿತ್ತು. ರುಕ್ಮಿಣಮ್ಮನವರು ಸುಮ್ಮನೆ ನೋಡುತ್ತಿದ್ದರು.

"ಬನ್ನಿ" ಎಂದ ಉಮಾಶಂಕರ. "ಬನ್ನಿ, ಇಲ್ಲೇ ಹೋಗ್ಬರೋಣ."

ಕಿತ್ತಳೆಯ ಚೀಲವನ್ನು ಮೆಟ್ಟಿಲ ಮೇಲಿಟ್ಟು, ಗೇಟು ಎಳೆದುಕೊಂಡು, ಅಪ್ಪನಿಗಿಂತ ಎರಡು ಹೆಜ್ಜೆ ಮುಂದೆ ನಡೆದ. ಬೀದಿ ತಿರುಗಿದ ಮೇಲೆ ಹಿಂದಿನಿಂದ ಅಪ್ಪನ ಹಳೆಯ ಗಂಟಲು ಬಂತು.

"ಏನ್ಲಾ, ಆರು ಸಲ ಒತ್ದೆ ಕಣ್ಲಾ. ಸ್ಟ್ಯಾಂಡಲ್ಲಿ ಇಳ್ದು ಮೂರು, ಈ ರೋಡಿಗೆ ಬಂದು ಮೂರು. ನೀ ಎತ್ಲೇ ಇಲ್ಲ. ತಾಲ್ಲೂಕಾಪೀಸಿನ ಗುಮಾಸ್ತ್ರು ಅಂದ್ಕಂಡು ಕೇಳ್ಕಂಡು ಬಂದೆ."

"ಮಾರ್ಕೆಟ್ಟಲ್ಲಿದ್ದೆ ಅಪ್ಪಾ. ಗಲಾಟೇಲಿ ಕೇಳಿಸ್ಲಿಲ್ಲ" ಎಂದ. ಜೇಬಿನ ಮೇಲೆ ಕೈಯಿಟ್ಟುಕೊಂಡ. ಮೊಬೈಲು ತೊಡೆಗೆ ತಣ್ಣಗೆ ಒತ್ತುತ್ತಿತ್ತು. ಆರು ಸಲ ಅಲ್ಲಿ ಬೆಳಕು ಹೊತ್ತಿ ಆರಿದೆ, ಬಟ್ಟೆಯೊಳಗೆ, ಚರ್ಮಕ್ಕೂ ತಿಳಿಯದ ಹಾಗೆ. ಸದ್ದಾಗಿದ್ದರೆ ಅಪ್ಪನನ್ನು ಸ್ಟ್ಯಾಂಡಿನಲ್ಲೇ ತಡೆದು, ಅಲ್ಲೇ ಹೋಟೆಲಿಗೆ ಕರೆದುಕೊಂಡು ಹೋಗಬಹುದಿತ್ತು, ಗೇಟಿನ ತನಕ ಬರುತ್ತಲೇ ಇರಲಿಲ್ಲ ಎಂಬ ಯೋಚನೆ ಬಂತು. ಅದರ ಬೆನ್ನಿಗೇ, ಈಗಲೂ ನಾನು ಯೋಚಿಸುವುದು ಇದನ್ನೇ ಅಲ್ಲವೇ ಎಂಬುದೂ ಬಂತು. ಯಾಕಪ್ಪಾ ಊರೋನು ಅಂದೆ ಎಂದು ಕೇಳಬೇಕೆನಿಸಿತು. ಕೇಳಿದರೆ ಅಪ್ಪ ಉತ್ತರ ಹೇಳಿಬಿಡುತ್ತಾನೆ. ಕೇಳಲಿಲ್ಲ.

ಅಪ್ಪ ಕರಿಯಯ್ಯ ಬಂದದ್ದು ಒಂದು ಕೆಲಸಕ್ಕೆ. ಪ್ಲಾಸ್ಟಿಕ್ ಕವರು ಬಿಚ್ಚುತ್ತ ಹೇಳಿದ: "ನೋಡ್ಲಾ, ಇದು ಹೊಡ್ಕಂಡ್ರೆ ಯಾರ್ದು ಅಂತ ನಂಗೆ ತಿಳಿಯಾಕಿಲ್ಲ. ಅಕ್ಸರ ಬತ್ತೈತೆ, ನಂಗೆಲ್ಲಿ ಓದಕ್ಕೆ ಬತ್ತೈತೆ? ನಿಮ್ಮವ್ವುಂಗೂ ಬರಾಕಿಲ್ಲ. ಮೊನ್ನೆ ನೀನು ಅಂದ್ಕಂಡು ಬೈಯ್ತಾ ಎತ್ತಿದ್ರೆ ಸೊಸೈಟಿ ಸೆಕ್ರೆಟ್ರಿ. ಒಬ್ಬೊಬ್ರಿಗೆ ಒಂದೊಂದು ಸದ್ದು ಹಾಕ್ಸಬೋದಂತೆ, ಧರ್ಮೇಶ ಅಂದ. ಸದ್ದು ಹಾಕ್ಸುದ್ರೆ ಓದೋದ್ಯಾಕೆ? ಕೇಳುದ್ರೆ ಸಾಕು, ಇದು ಉಮಾ, ಇದು ಧರ್ಮೇಶ. ಹಳಿ ಮೇಲೆ ಕಿವಿ ಇಟ್ಟು ಯಾವ ಗಾಡಿ ಬತ್ತೈತೆ ಅಂತ ಹೇಳ್ತಿದ್ದೋನು ನಾನು. ನೀನು ಓದ್ದೋನು, ನೀನೇ ನಿಂತು ಹಾಕ್ಸಿಕೊಡು ಅಂತ ಬಂದೆ."

ಬೆಳಗ್ಗೆಯಿಂದ ತಾನು ಆಡಿದ ಆಟ ಅಪ್ಪನಿಗೆ ಅಕ್ಷರವಾಗಿತ್ತು. ಉಮಾಶಂಕರ ಪೇಟೆ ಬೀದಿಯ ಕಡೆ ತಿರುಗಿದ. ಮೋಹನ್‌ಕುಮಾರನ ಅಂಗಡಿ ಬಿಟ್ಟು ಬೇರೆ ಯಾವುದಾದರೂ ಆದೀತು. ಮೊದಲನೆಯದು ಮುಚ್ಚಿತ್ತು. ಔಷಧಿ ಅಂಗಡಿಯ ಪಕ್ಕದ್ದೂ ಷಟರು ಎಳೆದು ಬೀಗ ಹಾಕಿತ್ತು. ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ ಒಂದಿದೆ ಎಂದು ಅಲ್ಲಿಗೂ ನಡೆಸಿದ. ಭಾನುವಾರ ರಜಾ ಎಂದು ಬರೆದ ರಟ್ಟು ತೂಗುತ್ತಿತ್ತು. ಬಿಸಿಲು ನೆತ್ತಿಗೇರಿತ್ತು. ಅಪ್ಪ ಟವಲಿನಿಂದ ಕತ್ತು ಒರೆಸಿಕೊಳ್ಳುತ್ತ, ದೂರಿಲ್ಲದೆ ಹಿಂದೆ ಬರುತ್ತಿದ್ದ. ವಾಪಸು ಬಸ್ ಸ್ಟ್ಯಾಂಡಿನ ಹತ್ತಿರ ಬಂದಾಗ ಅವನೇ ಕೈ ತೋರಿಸಿದ.

"ಅಗೋ, ಅಲ್ಲೊಂದು ತೆಗ್ದೈತಲ್ಲ."

"ಅಲ್ಲಿ ಅಷ್ಟು ಚೆನ್ನಾಗಿ ಮಾಡಲ್ಲ ಅಪ್ಪಾ."

"ಸದ್ದು ಬಂದ್ರೆ ಸಾಕು ಬಾರ್ಲಾ" ಎಂದು ಅಪ್ಪ ಆಗಲೇ ರಸ್ತೆ ದಾಟುತ್ತಿದ್ದ.

ಮೋಹನ್‌ಕುಮಾರ್ ಊಟದ ಡಬ್ಬಿ ಮುಚ್ಚುತ್ತಿದ್ದವನು ಎದ್ದು ನಿಂತ. "ಏನ್ ಸಾರ್, ಮತ್ತೆ ಬಂದ್ರಿ? ಗಂಟೆ ಸರಿ ಬರ್ಲಿಲ್ವಾ?" ಉಮಾಶಂಕರ ಇಲ್ಲ ಇಲ್ಲ ಎಂದು ನಕ್ಕ. ಆ ನಗು ಮುಖದ ಮೇಲೆ ಒಣಗಿದ ಗಂಜಿಯ ಹಾಗೆ ನಿಂತಿತು. ಅಪ್ಪ ಫೋನನ್ನು ಗಾಜಿನ ಮೇಲಿಟ್ಟು ತನ್ನ ಬೇಡಿಕೆಯನ್ನು ಹೇಳಿದ. ಹಳೆಯ ಕಪ್ಪು-ಬಿಳುಪು ಫೋನು, ಇದಕ್ಕೆ ಹೊಸದು ಹಾಕಲಾಗುವುದಿಲ್ಲ, ಒಳಗಿರುವುದರಲ್ಲೇ ಆರಿಸಬೇಕು ಎಂದ ಮೋಹನ್‌ಕುಮಾರ್. ಒಂದೊಂದೇ ಸದ್ದು ಕೇಳಿಸಿದ. ಕರಿಯಯ್ಯ ತಲೆ ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ, ಬಲಗಿವಿಯನ್ನು ಫೋನಿನ ಹತ್ತಿರ ತಂದು ಕೇಳುತ್ತಿದ್ದ. ಒಂದು ಕೀಚಲು ಸದ್ದು ಬಂದಾಗ, "ಇದು ಧರ್ಮೇಶಂಗೆ, ಅವ್ನಂಗೇ ಐತೆ" ಎಂದು ನಕ್ಕ. ಅಂಗಡಿಯವನೂ ನಕ್ಕ. ಅಪ್ಪನಿಗೆ ಎಲ್ಲರನ್ನೂ ನಗಿಸುವುದು ಗೊತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ ಹನ್ನೊಂದು ವರ್ಷದಲ್ಲಿ ತಾನು ಒಬ್ಬರನ್ನೂ ಹೀಗೆ ನಗಿಸಿಲ್ಲ ಎಂದು ಉಮಾಶಂಕರನಿಗೆ ಅನ್ನಿಸಿತು. ಆಮೇಲೆ ಒಂದು ಬರೀ ಟ್ರಿಂಗ್ ಟ್ರಿಂಗ್ ಬಂತು, ಹಳೆಯ ಕಾಲದ ಫೋನಿನದು, ರಾಗವಿಲ್ಲದ್ದು. ಕರಿಯಯ್ಯ ಕಣ್ಣು ತೆರೆದ.

"ಇದು. ರೈಲ್ವೆ ಗೇಟಿನ ಗುಡ್ಲಲ್ಲಿ ಫೋನು ಹಿಂಗೇ ಹೊಡ್ಕಂತಿತ್ತು ಕಣಪ್ಪ. ಇದು ಬಂತು ಅಂದ್ರೆ ಗಾಡಿ ಹೊಂಟೈತೆ ಅಂತ. ಉಣ್ತಾ ಇದ್ರೂ ಎದ್ದೇಳ್ಲೇಬೇಕು. ಇದನ್ನ ಇವ್ನಿಗೆ ಹಾಕು."

"ಇವ್ರು ಅಂದ್ರೆ ಏನಂತ ಹಾಕ್ಲಿ ಅಜ್ಜ, ಹೆಸ್ರು?"

ಅಪ್ಪ ಒಮ್ಮೆ ಉಮಾಶಂಕರನ ಮುಖ ನೋಡಿದ. ಇಲ್ಲಿ ಹೇಳಬಹುದೇ ಎಂದು ಕೇಳುವ ನೋಟ. ಅದನ್ನು ನೋಡಿ ಉಮಾಶಂಕರನಿಗೆ ನೆಲ ನೋಡುವಂತಾಯಿತು. ಅಪ್ಪ ಅದನ್ನು ಒಪ್ಪಿಗೆ ಎಂದುಕೊಂಡನೋ ಏನೋ.

"ಮಗ ಅಂತ ಹಾಕಪ್ಪ. ದೊಡ್ಮಗ."

ಮೋಹನ್‌ಕುಮಾರನ ಬೆರಳು ನಿಲ್ಲಲಿಲ್ಲ, ಆದರೆ ಕಣ್ಣು ಒಮ್ಮೆ ಮೇಲೆದ್ದು ಇಳಿಯಿತು. ಉಮಾಶಂಕರನಿಂದ ಒಂದು ಕರೆ ಮಾಡಿಸಿ ನೋಡಿದ. ಟ್ರಿಂಗ್ ಟ್ರಿಂಗ್ ಎಂದು ಹಳೆಯ ಫೋನು ಕೌಂಟರಿನ ಮೇಲೆ ಹೊಡೆದುಕೊಂಡಿತು. ಅಪ್ಪನ ಮುಖದಲ್ಲಿ ಒಂದು ಸಂತೋಷ ಹರಡಿತು. ಬೆರಳಿನಿಂದ ಫೋನನ್ನು ಮುಟ್ಟಿ, ಇದು ಉಮಾ, ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಇಷ್ಟಕ್ಕೆ ಮುಗಿಯಲಿ ಎಂದು ಉಮಾಶಂಕರ ಬೇಡಿಕೊಂಡ. ಹೊರಡು ಅಪ್ಪಾ, ಬಸ್ಸಿಗೆ ಹೊತ್ತಾಯಿತು ಅನ್ನಲು ಬಾಯಿ ತೆಗೆದ. ಅಷ್ಟರಲ್ಲಿ ಅಪ್ಪ, "ತಡಿ, ನಂದು ಇವ್ನತ್ರ ಹೆಂಗ್ ಹೊಡ್ಕಂತದೆ ನೋಡವಾ. ನಂಗೇನ್ ಹಾಕವ್ನೆ?" ಎಂದು ಹಸಿರು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ.

ಕರೆ ಮಾಡಿ ಉಮಾಶಂಕರ ಕೆಳಗಿಟ್ಟ ಮೊಬೈಲು ಇನ್ನೂ ಗಾಜಿನ ಮೇಲೆಯೇ ಇತ್ತು. ಅದರ ಪರದೆ ನೀಲಿಯಾಗಿ ಬೆಳಗಿತು. ಮೂವರೂ ಅದನ್ನು ನೋಡಿದರು. ಹೊರಗೆ ಕಂಡಕ್ಟರೊಬ್ಬ ತಿಪಟೂರು ತಿಪಟೂರು ಎಂದು ಕೂಗುತ್ತಿದ್ದ. ಅಪ್ಪನ ಕೈಯಲ್ಲಿದ್ದ ಫೋನಿನೊಳಗೆ ಕರೆ ಹೋಗುತ್ತಿರುವ ಸದ್ದು ಸಣ್ಣಗೆ ಕೇಳುತ್ತಿತ್ತು, ಈ ಕಡೆ ಏನೂ ಇಲ್ಲ. ಅಪ್ಪ ತಲೆ ವಾಲಿಸಿ, ಕಿವಿಯನ್ನು ಹತ್ತಿರ ತಂದ. ಇನ್ನೂ ಹತ್ತಿರ ತಂದ. ಬಗ್ಗಿದ ಆ ನರೆತ ತಲೆಯನ್ನು ನೋಡುತ್ತ ಉಮಾಶಂಕರ ಕೈ ಚಾಚಿ ಫೋನನ್ನು ಎತ್ತಿಕೊಳ್ಳಬಹುದಿತ್ತು. ಕೈ ಏಳಲಿಲ್ಲ.

"ಸದ್ದೇ ಇಲ್ವಲ್ಲಪ್ಪ" ಎಂದ ಕರಿಯಯ್ಯ. "ಹಾಳಾಗೈತಾ?"

"ಹಾಳಾಗಿಲ್ಲ ಅಜ್ಜ. ಜಾವಗಲ್ ಅಂತ ಬರ್ತಾ ಐತಲ್ಲ" ಎಂದು ಮೋಹನ್‌ಕುಮಾರ್ ಪರದೆಯನ್ನು ಓದಿದ. ಓದಿದ ಮೇಲೆ ಅವನಿಗೆ ಅರ್ಥವಾಯಿತು. "ಸಾರ್, ಬೆಳಗ್ಗೆ ನೀವು ಸೈಲೆಂಟ್..." ಎಂದು ಶುರುಮಾಡಿ ನಿಲ್ಲಿಸಿದ. ಬೆಳಕು ಆರಿತು.

ಕರಿಯಯ್ಯ ನೆಟ್ಟಗೆ ನಿಂತ. ಮಗನ ಕಡೆ ನೋಡಲಿಲ್ಲ. ಅಂಗಡಿಯವನ ಕಡೆ ತಿರುಗಿ, ಬಹಳ ಸಹಜವಾಗಿ, "ಓ, ಅದಾ. ನಾನೇ ಹೇಳಿದ್ದು ಕಣಪ್ಪ" ಎಂದ. "ಸಾಹೇಬ್ರ ಮುಂದೆ ಕೂತಿರ್ತಾನೆ, ನಾನು ದನ ಈಯ್ತು ಅಂತ ಮಾಡ್ತೀನಿ. ಸದ್ದಿಲ್ದಂಗೆ ಮಡಿಕ್ಕಳಪ್ಪ ಅಂತ ನಾನೇ ಅಂದಿದ್ದೆ. ಮರ್ತೇ ಹೋಗಿತ್ತು. ವಯಸ್ಸಾಯ್ತು ನೋಡು."

ಮೋಹನ್‌ಕುಮಾರ್ ಹೌದು ಹೌದು ಎಂದು ವಿಪರೀತ ಜೋರಾಗಿ ಒಪ್ಪಿಕೊಂಡ. ದುಡ್ಡು ಬೇಡ ಎಂದ. ಅವನ ಕಣ್ಣಲ್ಲಿದ್ದುದು ತಿರಸ್ಕಾರವಾಗಿದ್ದರೆ ಉಮಾಶಂಕರ ತಡೆದುಕೊಳ್ಳುತ್ತಿದ್ದ. ಅದು ಮುಜುಗರವಾಗಿತ್ತು, ಯಾರದೋ ಮನೆಯ ತೆರೆದ ಬಚ್ಚಲ ಬಾಗಿಲನ್ನು ಅಕಸ್ಮಾತ್ತಾಗಿ ನೋಡಿದವನ ಮುಜುಗರ.

ಜಾವಗಲ್ ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಇಬ್ಬರೂ ಅದರ ನೆರಳಿನಲ್ಲಿ ನಿಂತರು. "ಅಪ್ಪಾ" ಎಂದ ಉಮಾಶಂಕರ. ಕರಿಯಯ್ಯ ಟವಲನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ.

"ನನ್ ಗಂಟ್ಲು ದೊಡ್ಡದು ಕಣ್ಲಾ. ಗ್ಯಾಂಗಲ್ಲಿ ಎಲ್ಲಾ ಕೂಗ್ಕಂಡೇ ಮಾತಾಡ್ತಿದ್ದು. ಗಾಡಿ ಸದ್ದಲ್ಲಿ ಕೇಳ್ಬೇಕಲ್ಲ. ಅದೇ ರೂಢಿಯಾಗೋಯ್ತು. ಮೆತ್ತಗೆ ಮಾತಾಡನಾ ಅಂತೀನಿ, ಬರಾಕಿಲ್ಲ."

"ಅದಕ್ಕಲ್ಲ ಅಪ್ಪಾ..."

"ಮಗೂನ ಇಸ್ಕೂಲು ಹತ್ರ ಐತಂತೆ ಆ ಮನೆಗೆ. ಮೀನಾಕ್ಷಿ ಹೇಳ್ತು. ಬಿಡು" ಎಂದು ಕರಿಯಯ್ಯ ಮೆಟ್ಟಿಲು ಹತ್ತಿದ. ಕಿಟಕಿಯ ಪಕ್ಕ ಕೂತ. ಬಸ್ಸು ಹಿಂದಕ್ಕೆ ಬಂದು ತಿರುಗುವಾಗ ಅವನು ಕೈಯೆತ್ತಿದನೋ, ಕಂಬಿ ಹಿಡಿದುಕೊಂಡನೋ, ಧೂಳಿನಲ್ಲಿ ಸ್ಪಷ್ಟವಾಗಲಿಲ್ಲ.

ಮನೆಗೆ ಬಂದಾಗ ಮೂರೂವರೆ ದಾಟಿತ್ತು. ಇರುವೆ ಹತ್ತದಿರಲೆಂದು ರುಕ್ಮಿಣಮ್ಮನವರು ಕಿತ್ತಳೆಯ ಚೀಲವನ್ನು ಒಳಗಿಟ್ಟುಕೊಂಡಿದ್ದರು; ಅದನ್ನು ತಂದುಕೊಡುತ್ತ, "ಹೋದ್ರಾ ನಿಮ್ಮೂರೋರು?" ಎಂದು ಕೇಳಿದರು. "ಒಳ್ಳೇ ಮನುಷ್ಯ ಕಣ್ರೀ. ಬಿಸ್ಲಲ್ಲಿ ಬಂದಿದ್ರಲ್ಲ, ಲೋಟದಲ್ಲಿ ನೀರು ತಂದೆ. ಬ್ಯಾಡಿ ತಾಯಿ ಅಂತ ಅವ್ರೇ ಬೊಗಸೆ ಒಡ್ಡಿದ್ರು. ಈಗಿನ್ ಕಾಲ್ದಲ್ಲಿ ಹಂಗೆ ತಿಳ್ಕಂಡು ನಡ್ಕೊಳ್ಳೋರು ಎಲ್ಲವ್ರೆ? ನಿಂತು ಹುಯ್ದೆ."

ಉಮಾಶಂಕರನಿಗೆ ಮೊದಲು ಅದು ಕೇಳಿಸಿತೇ ಹೊರತು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅವನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಗಂಡಸಿ ಊರಿನ ಹೋಟೆಲೊಂದರಲ್ಲಿ ಅಪ್ಪನಿಗೆ ಗೋಡೆಯ ಗೂಡಿನಿಂದ ಬೇರೆ ಲೋಟ ತೆಗೆದುಕೊಟ್ಟಿದ್ದರು. ಅಪ್ಪ ಅದನ್ನು ನೆಲದ ಮೇಲಿಟ್ಟು, ರೈಲ್ವೆ ಬೂಟಿನಿಂದ ಚಪ್ಪಟೆಯಾಗುವ ಹಾಗೆ ತುಳಿದು, ಮಗನ ಕೈ ಹಿಡಿದುಕೊಂಡು ಹೊರಗೆ ಬಂದಿದ್ದ. ಮೂರು ಮೈಲಿ ಇಬ್ಬರೂ ನೀರಿಲ್ಲದೆ ನಡೆದಿದ್ದರು. ಅವತ್ತಿನಿಂದ ಇವತ್ತಿನವರೆಗೆ ಆ ಮನುಷ್ಯ ಯಾರ ಮನೆಯ ಮುಂದೆಯೂ ಬೊಗಸೆ ಒಡ್ಡಿರಲಿಲ್ಲ. ಇವತ್ತು ಒಡ್ಡಿದ್ದು ಬಾಯಾರಿಕೆಗಲ್ಲ. ಊರೋನು ಅಂದರೆ ಸಾಲದು, ಮೂಗು ಹಣೆ ನೋಡಿ ಈ ಹೆಂಗಸು ಸಂಬಂಧ ಹಿಡಿಯಬಹುದು. ಬೊಗಸೆ ಒಡ್ಡಿದರೆ ಈ ಗುಮಾಸ್ತನ ಅಪ್ಪ ಇವನಾಗಿರಲಾರ ಎಂದು ಆಕೆಗೆ ಖಾತ್ರಿಯಾಗುತ್ತದೆ. ಅಷ್ಟನ್ನೂ ಅಪ್ಪ ಗೇಟಿನಾಚೆ ನಿಂತು ಯೋಚಿಸಿದ್ದ.

"ಅವ್ರು ನಮ್ಮಪ್ಪ" ಎಂದ ಉಮಾಶಂಕರ.

ತನ್ನ ದನಿ ತನಗೇ ಜೋರಾಗಿ ಕೇಳಿಸಿತು. ಪಕ್ಕದ ಮನೆಯ ಕಿಟಕಿಯಲ್ಲಿ ಯಾರೋ ಅಲುಗಿದರು.

"ಯಾರು?"

"ನೀರು ಕುಡುದ್ರಲ್ಲ, ಅವ್ರು. ಕರಿಯಯ್ಯ ಅಂತ. ನಮ್ಮಪ್ಪ."

"ನಿಮ್ ತಂದೇನಾ? ಅಯ್ಯೋ ಶಿವನೇ, ಮತ್ತೆ ಹೇಳ್ಬಾರ್ದಾ! ಒಳಕ್ಕೆ ಕರ್ದು ಕೂರಿಸಿ ಕಾಫಿನಾದ್ರೂ..." ರುಕ್ಮಿಣಮ್ಮನವರ ಮಾತು ಅಲ್ಲಿಯ ತನಕ ತಾನಾಗಿ ಬಂತು, ನಿಜವಾದ ಸಂಕಟದಿಂದಲೇ ಬಂತು. ಕಾಫಿ ಎಂಬಲ್ಲಿಗೆ ನಿಂತಿತು. ಆಕೆ ಅವನ ಮುಖ ನೋಡಿದರು, ಮೆಟ್ಟಿಲು ನೋಡಿದರು, ಚೀಲದಿಂದ ಈಗಷ್ಟೇ ಬಿಟ್ಟ ತಮ್ಮ ಕೈಯನ್ನು ನೋಡಿಕೊಂಡರು. ಎಂಟು ತಿಂಗಳು ಆಕೆಯ ಕಣ್ಣೊಳಗೆ ಒಂದೊಂದಾಗಿ ಹಾದುಹೋಗುವುದು ಕಾಣುತ್ತಿತ್ತು: ಗೌರಿ ಹಬ್ಬದ ಬಾಗಿನ, ಒಳಗಿನ ಕೋಣೆಯಲ್ಲಿ ಹರ್ಷಿತಾ ಹೇಳಿಸಿಕೊಂಡ ಪಾಠ, ಅಡಿಗೆಮನೆಗೇ ಬಂದು ಮೊಸರು ಇಸಿದುಕೊಂಡು ಹೋದ ಮೀನಾಕ್ಷಿ. ಸೆರಗನ್ನು ಎಳೆದು ಸಿಕ್ಕಿಸಿಕೊಂಡರು.

"ಇವ್ರು ಸಂಜೆ ಬರ್ತಾರೆ" ಎಂದರು. "ಇವ್ರ ಹತ್ರ ಮಾತಾಡಿ."

ಬಾಗಿಲು ಹಾಕಿಕೊಳ್ಳಲಿಲ್ಲ, ಸುಮ್ಮನೆ ಒಳಗೆ ಹೋದರು. ಉಮಾಶಂಕರ ಮಹಡಿಗೆ ಹತ್ತಲಿಲ್ಲ. ಅರ್ಧ ಮೆಟ್ಟಿಲಿನಲ್ಲಿ ಕೂತ. ಎದೆಯೊಳಗೆ ಒಂದು ಹಗುರ ಇತ್ತು. ಹೇಳಿಬಿಟ್ಟೆ, ಕೊನೆಗೂ ಹೇಳಿಬಿಟ್ಟೆ ಎಂದು ಅದು ಬೆನ್ನು ತಟ್ಟುತ್ತಿತ್ತು. ಆ ಹಗುರವನ್ನು ಯಾರಿಗಾದರೂ ತೋರಿಸಬೇಕೆನಿಸಿ ಹಳೇಬೀಡಿಗೆ ಫೋನು ಮಾಡಿದ. ಮೀನಾಕ್ಷಿಯ ಅಕ್ಕ ಎತ್ತಿ, ಕರೆದು ಕೊಟ್ಟರು. ಮೀನಾಕ್ಷಿಗೆ ಎಲ್ಲವನ್ನೂ ಹೇಳಿದ. ಬೆಳಗ್ಗೆಯ ಅಂಗಡಿಯಿಂದ ಶುರುಮಾಡಿ, ಏನನ್ನೂ ಬಚ್ಚಿಡದೆ, ದನಿ ತಗ್ಗಿಸದೆ. ಆಕಡೆ ಹರ್ಷಿತಾ ಯಾರ ಜೊತೆಗೋ ಕುಂಟೆಬಿಲ್ಲೆಗೆ ಜಗಳವಾಡುವುದು ಕೇಳುತ್ತಿತ್ತು. ಮೀನಾಕ್ಷಿ ಒಂದು ಮಾತೂ ಅಡ್ಡ ಹಾಕದೆ ಕೇಳಿದಳು. ಬೈಯುತ್ತಾಳೆ ಎಂದು ಕಾದ. ಅಳುತ್ತಾಳೆ, ಇನ್ನು ಮನೆ ಎಲ್ಲಿ ಹುಡುಕೋದು ಅನ್ನುತ್ತಾಳೆ, ಅಥವಾ ಒಳ್ಳೇದಾಯ್ತು ಬಿಡಿ ಅನ್ನುತ್ತಾಳೆ ಎಂದು ಕಾದ.

"ಮಾವ ಬೆಳಗ್ಗೆ ಏಳಕ್ಕೇ ಮನೆ ಬಿಟ್ಟಿರ್ತಾರೆ ಕಣ್ರೀ" ಎಂದಳು ಮೀನಾಕ್ಷಿ. "ಊಟಕ್ಕೆ ಏನ್ ಹಾಕಿದ್ರಿ?"

ಉಮಾಶಂಕರ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಕೂತಿದ್ದ. ಹಲೋ, ಕೇಳಿಸ್ತಾ ಇದ್ಯಾ, ಹಲೋ ಎಂದು ಅವಳು ಆ ಕಡೆಯಿಂದ ಕರೆಯುತ್ತಲೇ ಇದ್ದಳು.